ಕಿವಿ ಕಾಣುವ ತನಕ

ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದೆ: "ಮಾವ, ಕೋವಿಗೆ ಥರ್ಮಲ್ ಹಾಕಿಸಲೋ, ನೈಟ್ ವಿಷನ್ ಹಾಕಿಸಲೋ? ಶುಕ್ರವಾರಕ್ಕೆ ರಿಯಾಯಿತಿ ಮುಗಿಯುತ್ತೆ." ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ರಿಯಾಯಿತಿ ಇನ್ನೊಂದು ಸಲ ಬರುತ್ತದೆ. ಬಿಟ್ಟ ಗುಂಡು ನಳಿಗೆಗೆ ವಾಪಸು ಬರುವುದಿಲ್ಲ. ಲೈಸೆನ್ಸ್ ಕೈಗೆ ಸಿಕ್ಕಿ ನಿನಗೆ ಇನ್ನೂ ತಿಂಗಳು ತುಂಬಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಉದ್ದವಾಯಿತು ಅನ್ನಿಸಿದರೂ ಪೂರ್ತಿ ಓದು, ಆಮೇಲೆ ಅಂಗಡಿಗೆ ಹೋಗು.

ಮೊದಲು ನಿನ್ನ ಅಜ್ಜನ ಒಂದು ಸಂಗತಿ. ನನಗಾಗ ಹನ್ನೆರಡು ವರ್ಷ. ಕೊಡಗಿನಲ್ಲಿ ಭತ್ತ ಕೊಯ್ಲಿಗೆ ಬಂದಿತ್ತು, ಹಂದಿ ಕಾಟ. ಗದ್ದೆ ಬದುವಿನ ಅಟ್ಟಣೆಯಲ್ಲಿ ಅಪ್ಪ, ನಾನು, ಒಂದು ಜೋಡಿ ನಳಿಗೆ ಕೋವಿ, ಐದು ಸೆಲ್ಲಿನ ಟಾರ್ಚು. ಅಪ್ಪ ಈಡು ಹೊಡೆಯುತ್ತಿದ್ದದ್ದು ಆಕಾಶಕ್ಕೆ, ಹಂದಿ ಹೆದರಿ ಓಡಲಿ ಎಂದು. ಆದರೆ ಆ ರಾತ್ರಿ ಟಾರ್ಚಿನ ಬೆಳಕಿಗೆ ಭತ್ತದ ತೆನೆಗಳ ನಡುವೆ ಎರಡು ಕಣ್ಣು ಕೆಂಡದ ಹಾಗೆ ಹೊಳೆದವು. "ಹಂದಿ, ಹೊಡಿ!" ಎಂದು ನಾನೇ ಕಿರುಚಿದೆ. ಅಪ್ಪ ಕೋವಿ ಎತ್ತಲೇ ಇಲ್ಲ. "ಹಂದಿಯ ಕಣ್ಣು ಹೀಗೆ ಉರಿಯೋದಿಲ್ಲ. ಸುಮ್ಮನಿರು, ಕಿವಿ ಕಾಣಲಿ," ಎಂದರು. ಸ್ವಲ್ಪ ಹೊತ್ತಿಗೆ ತೆನೆ ಸರಿಯಿತು. ಎರಡು ಅಗಲ ಕಿವಿ ಅಡ್ಡಕ್ಕೆ ಅಲ್ಲಾಡಿದವು. ಪಕ್ಕದ ಮನೆಯವರ ಎಮ್ಮೆಕರು, ಹಗ್ಗ ಕಿತ್ತುಕೊಂಡು ಬಂದಿತ್ತು. ಅಪ್ಪ ಇಳಿದು ಹೋಗಿ ಅದರ ಕೊರಳಿನ ಹಗ್ಗ ಹಿಡಿದು ಕೊಟ್ಟಿಗೆ ಮುಟ್ಟಿಸಿ ಬಂದರು. ಆ ಮೇಲೆ ನಾನು ಎಂಥ ಯಂತ್ರದಲ್ಲಿ ಕಣ್ಣಿಟ್ಟರೂ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಕಿವಿ ಕಂಡಿತಾ?

ನಾನು ನ್ಯೂಜಿಲೆಂಡಿನ ಸೆಂಟ್ರಲ್ ಒಟಾಗೋಗೆ ಬಂದದ್ದು 1997ರಲ್ಲಿ. ಮೊದಲು ಮೆರಿನೋ ಕುರಿಗಳ ಸ್ಟೇಷನ್‌ನಲ್ಲಿ ದುಡಿದೆ, ಆಮೇಲೆ ಅಲೆಕ್ಸಾಂಡ್ರಾ ಹತ್ತಿರ ಚೆರ್ರಿ ತೋಟ ನೋಡಿಕೊಂಡೆ. ನಾನು ಬಂದ ವರ್ಷವೇ ಇಲ್ಲಿಯ ಕೆಲವು ರೈತರು, ಸರ್ಕಾರ ಬೇಡವೆಂದಿದ್ದ ಮೊಲದ ರೋಗದ ವೈರಸ್ಸನ್ನು ಕದ್ದು ತರಿಸಿ, ಸತ್ತ ಮೊಲದ ಲಿವರನ್ನು ಅಡುಗೆಮನೆಯ ಮಿಕ್ಸಿಯಲ್ಲಿ ರುಬ್ಬಿ, ಓಟ್ಸು ಕ್ಯಾರೆಟ್ಟಿಗೆ ಬೆರೆಸಿ ಬೆಟ್ಟಕ್ಕೆಲ್ಲ ಎರಚಿದ್ದರು. ತಪ್ಪು ತಪ್ಪೇ. ಆದರೆ ಅವರು ಆ ಮಟ್ಟಕ್ಕೆ ಹೋಗಬೇಕಾದರೆ ಮೊಲ ಅವರನ್ನು ಎಷ್ಟು ಕಂಗಾಲು ಮಾಡಿತ್ತು ಯೋಚಿಸು. ಹತ್ತು ಮೊಲ ಒಂದು ಕುರಿಯ ಮೇವು ತಿನ್ನುತ್ತವೆ ಎಂಬುದು ಇಲ್ಲಿಯ ಲೆಕ್ಕ. ಬಾವಲಿ ಬಿಟ್ಟರೆ ಈ ದೇಶದ ನೆಲಕ್ಕೆ ಸ್ವಂತದ ಸಸ್ತನಿಯೇ ಇರಲಿಲ್ಲ. ಮೊಲ ತಂದರು, ಅದನ್ನು ಹಿಡಿಯಲಿ ಎಂದು 1880ರ ದಶಕದಲ್ಲಿ ಫೆರೆಟ್ಟು, ಸ್ಟೋಟು ತಂದರು, ಅವು ಮೊಲ ಬಿಟ್ಟು ಹಾರಲಾರದ ಹಕ್ಕಿಗಳ ಮೇಲೆ ಬಿದ್ದವು. 2018ರಲ್ಲಿ ವೈರಸ್ಸಿನ ಇನ್ನೊಂದು ತಳಿಯನ್ನು ಕಾನೂನುಬದ್ಧವಾಗಿಯೇ ಬಿಟ್ಟರು. ಆದರೂ ನಿನ್ನ ದ್ರಾಕ್ಷಿ ತೋಟದ ಎಳೆ ಬಳ್ಳಿಗಳ ಸಿಪ್ಪೆ ಹೋದ ವಾರವೂ ಸುತ್ತ ಕೆರೆದು ಹೋಗಿತ್ತಲ್ಲ? ನಿನಗೆ ಸಿಕ್ಕಿರುವುದು ತೋಟ ಉಳಿಸುವ ಕೆಲಸ. ಷಿಕಾರಿಯ ಹುರುಪು ಅದಕ್ಕೆ ಬೇಡ. ಯಂತ್ರವನ್ನೂ ಆ ಕಣ್ಣಿನಿಂದಲೇ ಆರಿಸಬೇಕು.

ಈಗ ಯಂತ್ರದ ವಿಷಯಕ್ಕೆ ಬರೋಣ. ನೈಟ್ ವಿಷನ್ ಎಂದು ಅಂಗಡಿಯವರು ಕರೆಯುವುದರಲ್ಲೇ ಎರಡು ಜಾತಿ ಇವೆ. ಹಳೆಯದು ಕೊಳವೆಯದು: ನಕ್ಷತ್ರದ ಬೆಳಕಿನಷ್ಟನ್ನೇ ಹಿಡಿದು, ಸಾವಿರಾರು ಪಟ್ಟು ಹಿಗ್ಗಿಸಿ, ಹಸಿರು ತೆರೆಯ ಮೇಲೆ ತೋರಿಸುತ್ತದೆ. ಒಳ್ಳೆಯದಕ್ಕೆ ಕಣ್ಣು ತಿರುಗುವ ಬೆಲೆ, ಹಗಲ ಬೆಳಕು ತಾಗಿದರೆ ಕೊಳವೆ ಕೆಡುತ್ತದೆ. ಅದನ್ನು ಮರೆತುಬಿಡು. ಈಗ ಎಲ್ಲರೂ ಕೊಳ್ಳುವುದು ಡಿಜಿಟಲ್. ನಿನ್ನ ಫೋನಿನ ಕ್ಯಾಮೆರಾದ ಅಣ್ಣ ಎಂದುಕೋ. ಅದರ ಸೆನ್ಸಾರಿಗೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕೂ ಕಾಣುತ್ತದೆ. ಕೋವಿಯ ಮೇಲೊಂದು ಅವಕೆಂಪು ಟಾರ್ಚು ಇರುತ್ತದೆ. ಅದರ ಬೆಳಕು ಪ್ರಾಣಿಗೆ ತಾಗಿ ಮರಳಿದರೆ ನಿನಗೆ ಕಪ್ಪು ಬಿಳುಪು ಚಿತ್ರ. ಹುಲ್ಲಿನ ಎಸಳು, ಬೇಲಿಯ ತಂತಿ, ಮೊಲದ ಮೀಸೆ ಎಲ್ಲ ಕಾಣುತ್ತವೆ. ಹಗಲಲ್ಲಿ ಅದೇ ಸ್ಕೋಪು ಬಣ್ಣದಲ್ಲಿ ತೋರಿಸುತ್ತದೆ.

ಥರ್ಮಲ್ ದಾರಿಯೇ ಬೇರೆ. ಅದಕ್ಕೆ ಬೆಳಕು ಬೇಡವೇ ಬೇಡ. ಪ್ರತಿ ವಸ್ತುವೂ ತನ್ನ ಬಿಸಿಗೆ ತಕ್ಕಂತೆ ಹೊರಸೂಸುವ ಕಿರಣ, ಸುಮಾರು 8ರಿಂದ 14 ಮೈಕ್ರಾನ್ ಅಲೆಯದ್ದು, ಅದನ್ನು ಹಿಡಿದು ಬಿಸಿಯನ್ನು ಬೆಳ್ಳಗೆ, ತಂಪನ್ನು ಕಪ್ಪಗೆ ಬರೆಯುತ್ತದೆ. ಈ ಕಿರಣ ಗಾಜಿನ ಮೂಲಕ ಹಾಯುವುದಿಲ್ಲ. ಅದಕ್ಕೇ ಅದರ ಮಸೂರ ಜರ್ಮೇನಿಯಂನದು, ಅದಕ್ಕೇ ಅಷ್ಟು ಬೆಲೆ. ಗಾಜು ಏರಿಸಿದ ಯೂಟ್ ಗಾಡಿಯೊಳಗೆ ಕೂತು ಥರ್ಮಲ್‌ನಲ್ಲಿ ಹೊರಗೆ ನೋಡಿದರೆ ನಿನ್ನ ಬಿಸಿ ಮುಖವೇ ಮಬ್ಬಾಗಿ ಕಾಣುತ್ತದೆ. ಇದನ್ನು ತಿರುಗಿಸಿ ಯೋಚಿಸು: ತೋಟದ ಆ ತುದಿಯಲ್ಲಿ ಗಾಜು ಮುಚ್ಚಿದ ಗಾಡಿಯೊಳಗೆ ಯಾರಾದರೂ ಮಲಗಿದ್ದರೆ ಥರ್ಮಲ್‌ಗೆ ಅವರು ಇಲ್ಲವೇ ಇಲ್ಲ. ಕೊಯ್ಲಿನ ಕಾಲದಲ್ಲಿ ವ್ಯಾನುಗಳಲ್ಲೇ ಮಲಗುವ ಹುಡುಗರು ಈ ಕಣಿವೆಯಲ್ಲಿ ಎಷ್ಟು ಜನ, ನಿನಗೇ ಗೊತ್ತು.

ಥರ್ಮಲ್ ಮೊದಲ ಸಲ ಕೈಗೆ ಬಂದಾಗ ಆಗುವ ಸಂತೋಷ ನನಗೆ ಗೊತ್ತು. ಬರೀ ಕತ್ತಲೆ ಎಂದುಕೊಂಡಿದ್ದ ಇಳಿಜಾರಿನಲ್ಲಿ ಮಲ್ಲಿಗೆ ಮೊಗ್ಗು ಚೆಲ್ಲಿದ ಹಾಗೆ ಬಿಳಿ ಚುಕ್ಕಿಗಳು! ಥೈಮ್ ಪೊದೆಯ ಹಿಂದೆ ಕೂತ ಮೊಲವೂ ಎಲೆಸಂದಿನಿಂದ ಹೊಳೆಯುತ್ತದೆ. ಆ ಮೊದಲ ರಾತ್ರಿ ನಾನೂ ಮೂವತ್ತು ಎಣಿಸಿದೆ. ಹತ್ತಿರ ಹೋಗಿ ಮತ್ತೆ ಎಣಿಸಿದರೆ ಹನ್ನೊಂದು. ಉಳಿದವು ಕಲ್ಲು. ನಮ್ಮ ಈ ಬೆಟ್ಟಗಳ ಶಿಸ್ಟ್ ಬಂಡೆ ಹಗಲಿಡೀ ಬಿಸಿಲು ಕುಡಿದು, ಕತ್ತಲಾದ ಮೇಲೂ ಮೂರು ನಾಲ್ಕು ಗಂಟೆ ಅದನ್ನು ಬಿಡುತ್ತಿರುತ್ತದೆ. ಮೊಲದ ಬೆನ್ನಿನ ಹಾಗೇ ದುಂಡಗೆ, ಅಷ್ಟೇ ಗಾತ್ರಕ್ಕೆ ಹೊಳೆಯುವ ಕಲ್ಲುಗಳಿವೆ. ರಾತ್ರಿ ಒಂದರ ಮೇಲೆ ಹೋಗು; ಕಲ್ಲು ಆರಿರುತ್ತದೆ, ನೆಲ ಹಿಮಗಟ್ಟಿರುತ್ತದೆ, ಮೊಲ ಮಾತ್ರ ದೀಪದ ಹಾಗೆ ಉಳಿಯುತ್ತದೆ. ವರ್ಷಕ್ಕೆ ಸುಮಾರು 350 ಮಿ.ಮೀ. ಮಳೆ ಬೀಳುವ ಒಣ ನಾಡು ಇದು. ಥರ್ಮಲ್‌ಗೆ ಇಂಥ ಜಾಗ ಬೇರೆ ಕಡೆ ಸಿಗುವುದು ಕಷ್ಟ. ಮಂಜು ಕವಿದಾಗ, ಮಳೆ ನಿಂತ ಮೇಲೆ, ಎಲ್ಲವೂ ಒಂದೇ ಬಿಸಿಗೆ ಬಂದು ಚಿತ್ರ ಅಂಬಲಿಯಾಗುತ್ತದೆ. ಆ ರಾತ್ರಿಗಳಲ್ಲಿ ಮನೆಯಲ್ಲಿರು.

ಈಗ ನೀನು ಕಳಿಸಿದ ಜಾಹೀರಾತಿನ ಹಾಳೆ. ಅದರಲ್ಲಿ ದೊಡ್ಡ ಅಕ್ಷರದಲ್ಲಿ "ಪತ್ತೆ ದೂರ 1800 ಮೀಟರ್" ಎಂದಿದೆ. ನೀನು ಮರುಳಾದದ್ದೇ ಅಲ್ಲಿ. ಪೆನ್ಸಿಲ್ ತಗೋ, ಲೆಕ್ಕ ಹಾಕೋಣ. ಆ ಸ್ಕೋಪಿನ ಸೆನ್ಸಾರಿನ ಒಂದೊಂದು ಚುಕ್ಕಿಯ ಅಗಲ 12 ಮೈಕ್ರಾನ್, ಮಸೂರ 35 ಮಿ.ಮೀ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 100 ಮೀಟರ್ ದೂರದಲ್ಲಿ ಒಂದು ಚುಕ್ಕಿ ಆವರಿಸುವ ಜಾಗ ಸುಮಾರು 3.4 ಸೆಂ.ಮೀ. 1800 ಮೀಟರಿಗೆ ಅದೇ ಚುಕ್ಕಿ 60 ಸೆಂ.ಮೀ. ದಾಟುತ್ತದೆ. ಅಂದರೆ ಆರು ಅಡಿ ಮನುಷ್ಯ ಅಲ್ಲಿ ನಿಂತರೆ ನಿನಗೆ ಕಾಣುವುದು ಒಂದರ ಮೇಲೊಂದು ಕೂತ ಮೂರು ಚುಕ್ಕಿ. "ಏನೋ ಬಿಸಿಯಾದದ್ದು ಇದೆ" ಎಂದಷ್ಟೇ ಅದರ ಅರ್ಥ. ಅದು ಮನುಷ್ಯನೋ, ಕರುವೋ, ಕಲ್ಲುಕಂಬವೋ ಎಂದು ಯಂತ್ರ ಹೇಳಲಾರದು. ಪತ್ತೆ ಹಚ್ಚುವುದು, ಯಾವ ಜಾತಿಯದೆಂದು ತಿಳಿಯುವುದು, ಇದೇ ಅದು ಎಂದು ಗುರುತಿಸುವುದು, ಇವು ಮೂರೂ ಬೇರೆ ಬೇರೆ ಎಂದು ಜಾನ್ ಜಾನ್ಸನ್ ಎಂಬ ಅಮೆರಿಕದ ಸೈನ್ಯದ ವಿಜ್ಞಾನಿ 1958ರಲ್ಲೇ ಅಳೆದು ತೋರಿಸಿದ್ದ. ಪತ್ತೆಗೆ ಬೇಕಾದ್ದಕ್ಕಿಂತ ಗುರುತಿಸುವುದಕ್ಕೆ ಆರು ಪಟ್ಟಿಗೂ ಹೆಚ್ಚು ವಿವರ ಬೇಕೆಂದು ಅವನ ಲೆಕ್ಕ. ಜಾಹೀರಾತು ಮೊದಲನೆಯದನ್ನು ಮಾರುತ್ತದೆ, ಕೋವಿಯ ಕುದುರೆ ಎಳೆಯಲು ನಿನಗೆ ಬೇಕಾದದ್ದು ಮೂರನೆಯದು.

ನನ್ನ ಅಳತೆ ಅಪ್ಪನದೇ, ಕಿವಿ. ಮೊಲದ ಕಿವಿ ಏಳು ಸೆಂಟಿಮೀಟರಿನಷ್ಟು ಉದ್ದ. ಅದು ಕಿವಿಯ ಆಕಾರಕ್ಕೆ ಕಾಣಬೇಕಾದರೆ ಅದರ ಮೇಲೆ ಕನಿಷ್ಠ ಮೂರು ಚುಕ್ಕಿಯಾದರೂ ಬೀಳಬೇಕು ಎಂಬುದು ನನ್ನ ಅನುಭವ. ನೀನು ನೋಡಿಟ್ಟ 35 ಮಿ.ಮೀ. ಮಸೂರಕ್ಕೆ ಆ ದೂರ 60, ಹೆಚ್ಚೆಂದರೆ 70 ಮೀಟರ್. 50 ಮಿ.ಮೀ. ಮಸೂರವಾದರೆ 100ರ ತನಕ. 25 ಮಿ.ಮೀ. ಆದರೆ 40, 45. ಅದಕ್ಕಿಂತ ಮುಂದೆ ಗುಂಡಿಯೊತ್ತಿ ಚಿತ್ರ ದೊಡ್ಡದು ಮಾಡಿದರೆ ಚುಕ್ಕಿಗಳೇ ದೊಡ್ಡದಾಗುತ್ತವೆ, ಕಿವಿ ಹುಟ್ಟುವುದಿಲ್ಲ. ಅಂಗಡಿಯವರು "640ರ ಸೆನ್ಸಾರು ತಗೊಳ್ಳಿ, 384ಕ್ಕಿಂತ ಸ್ಪಷ್ಟ" ಎನ್ನುತ್ತಾರೆ. ಚುಕ್ಕಿಯ ಗಾತ್ರ, ಮಸೂರ ಎರಡೂ ಒಂದೇ ಆಗಿದ್ದರೆ ಕಿವಿಯ ಮೇಲೆ ಬೀಳುವ ಚುಕ್ಕಿ ಎರಡರಲ್ಲೂ ಅಷ್ಟೇ. 640 ಕೊಡುವುದು ಅಗಲ: ನೂರು ಮೀಟರಿನಲ್ಲಿ 384ಕ್ಕೆ 13 ಮೀಟರ್ ಅಗಲದ ನೆಲ ಕಂಡರೆ 640ಕ್ಕೆ 22 ಮೀಟರ್. ಅಗಲವೂ ಬೆಲೆಯುಳ್ಳದ್ದೇ. ಮೊಲದ ಪಕ್ಕದಲ್ಲಿ ಇನ್ನೇನಿದೆ ಎಂದು ತಿಳಿಯುತ್ತದೆ. ಆದರೆ ಯಾವುದಕ್ಕೆ ದುಡ್ಡು ಕೊಡುತ್ತಿದ್ದೀಯ ಎಂದು ತಿಳಿದೇ ಕೊಡು.

ಇನ್ನು ಹೇಳುವುದನ್ನು ನಿನ್ನ ಅತ್ತೆಗೆ ಬಿಟ್ಟು ಬೇರೆ ಯಾರಿಗೂ ನಾನು ಹೇಳಿಲ್ಲ.

ಥರ್ಮಲ್ ಸ್ಕೋಪು ತಂದ ಹೊಸದರಲ್ಲಿ ನನ್ನ ಬಳಿ ಬೇರೆ ದುರ್ಬೀನು ಇರಲಿಲ್ಲ. ಹುಡುಕುವುದಕ್ಕೂ ಕೋವಿಯ ಸ್ಕೋಪನ್ನೇ ಬಳಸುತ್ತಿದ್ದೆ. ಭುಜಕ್ಕೆ ಕೋವಿ ಏರಿಸಿ, ಎಡದಿಂದ ಬಲಕ್ಕೆ ನಿಧಾನಕ್ಕೆ ಬೆಟ್ಟ ಗುಡಿಸುವುದು. ಎಲ್ಲರೂ ಹಾಗೇ ಮಾಡುತ್ತಿದ್ದರು, ನಾನೂ ಮಾಡಿದೆ. ಒಂದು ರಾತ್ರಿ ಗಡಿಬೇಲಿಯ ಹತ್ತಿರ ನೆಲಮಟ್ಟದಲ್ಲಿ ದುಂಡನೆಯ ಬಿಳಿ ಕಂಡಿತು. ಕಲ್ಲಲ್ಲ, ಅಲ್ಲಾಡಿತು. ಅಡ್ಡಗೆರೆ ಅದರ ಮೇಲೆ ನಿಲ್ಲಿಸಿ ಕಿವಿಗಾಗಿ ಕಾದೆ. ಕಿವಿ ಏಳಲಿಲ್ಲ. ಬದಲಿಗೆ ಆ ದುಂಡು ಮೇಲಕ್ಕೆದ್ದಿತು, ಕೆಳಗೆ ಭುಜ ಬಂತು, ಎರಡು ಕೈ ಬಂತು. ಪಕ್ಕದ ತೋಟದ ಯಜಮಾನ. ನೀರಾವರಿ ಪೈಪು ಸೋರುತ್ತಿದೆಯೆಂದು ಕಾಲುವೆಯಲ್ಲಿ ಮಂಡಿಯೂರಿ ಕೂತಿದ್ದ, ದೀಪವನ್ನೂ ಹಚ್ಚಿರಲಿಲ್ಲ. ನನ್ನ ಬೆರಳು ಕುದುರೆಯ ಮೇಲಿರಲಿಲ್ಲ, ನಿಜ. ತೋಟಾ ಮಾತ್ರ ಒಳಗಿತ್ತು. ನಳಿಗೆ ಆ ಮನುಷ್ಯನ ತಲೆಗೆ ನೆಟ್ಟಿತ್ತು. ಕೋವಿ ಇಳಿಸಿ, ತೋಟಾ ತೆಗೆದು, ಕಲ್ಲಿನ ಮೇಲೆ ಕೂತೆ. ಕೈಯ ನಡುಕ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮಾರನೆಯ ಬೆಳಿಗ್ಗೆ ಅವನ ಮನೆಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವನು ಸುಮ್ಮನೆ ಕೇಳಿದ, ಚಹಾ ಕೊಟ್ಟ. ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖವನ್ನು ನಾನು ಮರೆತಿಲ್ಲ.

ಆದ್ದರಿಂದ, ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಮೊದಲ ಉತ್ತರ: ಕೋವಿಯ ಮೇಲಿನದನ್ನು ಆಮೇಲೆ ನೋಡೋಣ, ಮೊದಲು ಕೈಯಲ್ಲಿ ಹಿಡಿಯುವ ಥರ್ಮಲ್ ದುರ್ಬೀನು ಕೊಂಡುಕೋ. ಒಂದು ಕಣ್ಣಿನದು, ಸಣ್ಣದು, ಜೇಬಿಗೆ ಹೋಗುವಂಥದು ಸಾಕು. 19 ಅಥವಾ 25 ಮಿ.ಮೀ. ಮಸೂರ, ಹುಡುಕುವುದಕ್ಕೆ ಅಗಲ ಮುಖ್ಯ. ಕೋವಿ ಬೆನ್ನ ಮೇಲೆ, ತೋಟಾ ಹೊರಗೆ. ಹುಡುಕು, ಎಣಿಸು, ಯಾರಿದ್ದಾರೆ ಎಂದು ಸುತ್ತ ಒಂದು ಸುತ್ತು ತಿರುಗಿ ನೋಡು. ಮೊಲ ಖಾತ್ರಿಯಾದ ಮೇಲೆ ಕೋವಿ ಇಳಿಸು. ಹುಡುಕುವ ಕಣ್ಣಿಗೂ ಹೊಡೆಯುವ ಕಣ್ಣಿಗೂ ಒಂದೇ ಯಂತ್ರ ಇಡುವವರ ಜೊತೆ ನೀನು ರಾತ್ರಿ ಹೋಗುವುದೇ ಬೇಡ, ಅವರು ಎಷ್ಟೇ ಒಳ್ಳೆಯ ಗುರಿಕಾರರಾಗಿದ್ದರೂ.

ಟಾರ್ಚಿನ ಕಾಲದಲ್ಲಿ ಅಪಘಾತ ಇರಲಿಲ್ಲ ಎಂದಲ್ಲ. 2010ರ ಅಕ್ಟೋಬರಿನಲ್ಲಿ ಉತ್ತರ ದ್ವೀಪದ ಟುರಾಂಗಿ ಹತ್ತಿರ ಕ್ಯಾಂಪು ಹಾಕಿದ್ದ ಯುವ ಶಿಕ್ಷಕಿಯೊಬ್ಬಳು ತಲೆಗೆ ದೀಪ ಕಟ್ಟಿಕೊಂಡು ಹಲ್ಲುಜ್ಜುತ್ತಿದ್ದಳು. ಆ ದೀಪವನ್ನು ಜಿಂಕೆಯ ಕಣ್ಣೆಂದು ತಿಳಿದ ಬೇಟೆಗಾರನ ಗುಂಡಿಗೆ ಸತ್ತಳು. ಹೊಳೆದದ್ದನ್ನು ಕಂಡ, ಏನೆಂದು ಗುರುತಿಸಲಿಲ್ಲ. ಲೈಸೆನ್ಸ್ ಪರೀಕ್ಷೆಗೆ ನೀನು ಬಾಯಿಪಾಠ ಮಾಡಿದ ಏಳು ನಿಯಮಗಳಲ್ಲಿ ನಾಲ್ಕನೆಯದು ಇದೇ ಅಲ್ಲವೇ, ಗುರಿ ಏನೆಂಬುದರಲ್ಲಿ ಎಳ್ಳಷ್ಟೂ ಅನುಮಾನ ಉಳಿಯಬಾರದು ಎಂಬುದು?

ಕೋವಿಯ ಮೇಲೆ ಏನು? ನಿನ್ನದು .22 ರಿಮ್‌ಫೈರ್. ನಿನ್ನ ತೋಟದ ಸಾಲುಗಳ ಉದ್ದ, ತಿರುವು ನೋಡಿದ್ದೇನೆ. 40ರಿಂದ 70 ಮೀಟರಿನ ಆಚೆ ನಿನಗೆ ಹೊಡೆಯುವ ಸಂದರ್ಭವೇ ಇಲ್ಲ. ಸುತ್ತ ಕಂಬ, ತಂತಿ, ಹನಿ ನೀರಾವರಿಯ ಕೊಳವೆ, ಆ ಕಡೆ ಕೆಲಸಗಾರರ ಬಿಡಾರ. ಇಂಥ ಜಾಗಕ್ಕೆ ನಾನು ಹಾಕುವುದು ಡಿಜಿಟಲ್ ನೈಟ್ ವಿಷನ್. ಥರ್ಮಲ್‌ನಲ್ಲಿ ತಂತಿ ಕಾಣುವುದಿಲ್ಲ ಎಂದೇ ತಿಳಿ, ನೆಲದಷ್ಟೇ ತಂಪಾದ ದ್ರಾಕ್ಷಿ ಕಾಂಡವೂ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಗುಂಡು ತಂತಿಗೆ ತಾಗಿದರೆ ಎತ್ತ ಹೋಗುತ್ತದೆಂದು ದೇವರಿಗೇ ಗೊತ್ತು. ಡಿಜಿಟಲ್‌ನಲ್ಲಿ ತಂತಿ ಕಾಣುತ್ತದೆ, ಮೊಲದ ಹಿಂದಿನ ಮಣ್ಣಿನ ದಿಬ್ಬ ಕಾಣುತ್ತದೆ, ಕಿವಿಯಂತೂ ಎರಡೂ ಕಾಣುತ್ತವೆ. ಸಣ್ಣ ಥರ್ಮಲ್ ದುರ್ಬೀನು, ಒಂದು ಮಧ್ಯಮ ದರ್ಜೆಯ ಡಿಜಿಟಲ್ ಸ್ಕೋಪು, ಎರಡೂ ಸೇರಿ ನೀನು ನೋಡಿಟ್ಟ ಆ ಒಂದು ದೊಡ್ಡ ಥರ್ಮಲ್ ಸ್ಕೋಪಿನ ಬೆಲೆ ಮುಟ್ಟುವುದಿಲ್ಲ.

ಡಿಜಿಟಲ್‌ಗೂ ಅದರದೇ ಕಾಟವಿದೆ. ಟಾರ್ಚು 850 ನ್ಯಾನೋಮೀಟರಿನದಾದರೆ ದೂರ ಹೋಗುತ್ತದೆ, ಆದರೆ ಎದುರಿನಿಂದ ನೋಡಿದವರಿಗೆ ಸಣ್ಣ ಕೆಂಪು ಚುಕ್ಕಿ ಕಾಣುತ್ತದೆ. 940ರದು ಕಾಣುವುದಿಲ್ಲ, ದೂರ ಕಡಿಮೆ. ಟಾರ್ಚಿಗೆ ಹಲವು ಸಲ ಬೆದರಿದ ಮೊಲ ಬೆಳಕು ಕಂಡ ಕೂಡಲೇ ಬಿಲ ಸೇರುತ್ತದೆ; ನಿನ್ನ ತೋಟದವು ಅಂಥವೇ ಇರಬೇಕು, ಹಿಂದಿನವರು ವರ್ಷಗಟ್ಟಲೆ ದೀಪ ಬಿಟ್ಟು ಹೊಡೆದಿದ್ದಾರೆ. ನಾನಾದರೆ 850 ತಂದು, ಬೆಳಕಿನ ತೀವ್ರತೆ ಇಳಿಸಿ ಬಳಸುತ್ತೇನೆ. ಮಂಡಿಯೂರಿ ಕೂತಾಗ ಮುಂದೆ ಹುಲ್ಲಿನ ಒಂದು ಎಸಳು ಅಡ್ಡ ಬಂದರೂ ಅದು ಟಾರ್ಚಿನ ಬೆಳಕಿಗೆ ಬೆಳ್ಳಗೆ ಉರಿದು ಹಿಂದಿನದೆಲ್ಲ ಕತ್ತಲಾಗುತ್ತದೆ. ಮುಕ್ಕಾಲಿ ಕೋಲು ಎತ್ತರ ಮಾಡಿಕೋ. ಇನ್ನೊಂದು: ಮಾಮೂಲಿ ಟಾರ್ಚಿನಲ್ಲಿ ಕುರಿಯ ಕಣ್ಣು ಹಸಿರು, ಪೋಸಮ್‌ನದು ಕೆಂಪು ಎಂದು ಬಣ್ಣದಿಂದ ಗುರುತು ಹಿಡಿಯುತ್ತಿದ್ದೆವು. ಕಪ್ಪು ಬಿಳುಪಿನಲ್ಲಿ ಆ ಗುರುತು ಹೋಯಿತು, ಎಲ್ಲ ಕಣ್ಣೂ ಬಿಳಿ.

ಮುಂದೆ ನೀನು ಬೆಟ್ಟದ ಸ್ಟೇಷನ್ ಕೆಲಸಕ್ಕೆ ಹೋಗಿ, .223 ಹಿಡಿದು ದೂರದ ಆಡಿಗೋ ದೊಡ್ಡ ಮೊಲಕ್ಕೋ ಗುರಿಯಿಡುವ ದಿನ ಬಂದರೆ ಥರ್ಮಲ್ ಸ್ಕೋಪಿನ ಮಾತಾಡೋಣ. 50 ಮಿ.ಮೀ. ಮಸೂರ, ಒಳಗೇ ದೂರ ಅಳೆಯುವ ಲೇಸರು. ಲೇಸರು ಶೋಕಿಯಲ್ಲ, ಥರ್ಮಲ್ ಚಿತ್ರ ಚಪ್ಪಟೆ, ಹತ್ತಿರದ ಇಲಿಯೂ ದೂರದ ಮೊಲವೂ ಒಂದೇ ಗಾತ್ರ. ಅಲ್ಲೂ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ: ಅಕ್ಟೋಬರಿನಲ್ಲಿ ಮೆರಿನೋ ಕುರಿಗಳು ಮರಿ ಹಾಕುವ ಕಾಲಕ್ಕೆ, ಮುದುಡಿ ಮಲಗಿದ ಕುರಿಮರಿ ಥರ್ಮಲ್‌ನಲ್ಲಿ ದೊಡ್ಡ ಮೊಲದ ತದ್ರೂಪು. ವಸಂತದಲ್ಲಿ ನದಿಯ ಕಲ್ಲುಹಾಸಿನಲ್ಲಿ ಮೊಟ್ಟೆಗೆ ಕಾವು ಕೂರುವ ಡಾಟರೆಲ್ ಹಕ್ಕಿಯೂ ಬಿಸಿ ಚುಕ್ಕಿಯೇ. ಆ ಹಕ್ಕಿಗಳು 1953ರ ವನ್ಯಜೀವಿ ಕಾಯಿದೆಯಡಿ ರಕ್ಷಿತ. ನಾವು ಪೀಡೆ ಪ್ರಾಣಿಗಳನ್ನು ಕಡಿಮೆ ಮಾಡುವುದೇ ಅಂಥವು ಉಳಿಯಲಿ ಎಂದು.

ಕೊಳ್ಳುವಾಗ ಹಗಲಿನಲ್ಲಿ ಅಂಗಡಿಯ ಕೌಂಟರಿನಲ್ಲಿ ಕಣ್ಣಿಟ್ಟು ನೋಡಿ ಮರುಳಾಗಬೇಡ. ಎರಡೂವರೆ ಗಂಟೆ ಪ್ರಯಾಣವಾದರೂ ಸರಿ, ಕತ್ತಲಾದ ಮೇಲೆ ಹೊರಗೆ ತೋರಿಸುವ ಅಂಗಡಿಗೆ ಹೋಗು. ಕೈಗವಸು ಹಾಕಿಕೊಂಡೇ ಗುಂಡಿಗಳನ್ನು ಒತ್ತಿ ನೋಡು. ಜುಲೈನ ಚಳಿಯಲ್ಲಿ ಬರಿಗೈ ಎರಡು ನಿಮಿಷ ತಾಳುವುದಿಲ್ಲ. ಬ್ಯಾಟರಿ ಹೊರಗೆ ತೆಗೆದು ಬದಲಾಯಿಸುವಂಥದು ಇರಲಿ, ಒಳಗೇ ಮುಚ್ಚಿದ್ದು ಬೇಡ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಬಿಡಿ ಬ್ಯಾಟರಿ ಎದೆಯ ಜೇಬಿನಲ್ಲಿ ಬೆಚ್ಚಗಿರಲಿ. ಕಣ್ಣು ತೆಗೆದಾಗ ತೆರೆಯ ಬೆಳಕು ಮುಖಕ್ಕೆ ಹೊಡೆದು ನೀನೇ ದೀಪವಾಗದಂತೆ ರಬ್ಬರ್ ಕಪ್ಪು ಸರಿಯಾಗಿ ಮುಚ್ಚುತ್ತದೆಯೇ ನೋಡು. ಜಾಲತಾಣದಲ್ಲಿ ಹೊರದೇಶದಿಂದ ಅಗ್ಗಕ್ಕೆ ತರಿಸುವ ಯೋಚನೆ ಬಿಡು. ನಾನು ಹಾಗೆ ಒಂದು ತರಿಸಿದ್ದೆ. ಆರು ತಿಂಗಳಿಗೆ ತೆರೆಯಲ್ಲಿ ಗೆರೆ ಬಂತು, ರಿಪೇರಿಗೆ ಕಳಿಸಿದ ಡಬ್ಬಿ ಮರಳಿ ಬರಲೇ ಇಲ್ಲ. ಇಲ್ಲಿಯ ಅಂಗಡಿಯಲ್ಲಿ ಕೊಂಡರೆ 1993ರ ಗ್ರಾಹಕ ಖಾತರಿ ಕಾಯಿದೆ ನಿನ್ನ ಬೆನ್ನಿಗಿರುತ್ತದೆ.

ತಂದ ಮೇಲೆ ಗುರಿ ಹೊಂದಿಸಬೇಕು. ಡಿಜಿಟಲ್‌ಗೆ ಹಗಲಿನಲ್ಲೇ 50 ಮೀಟರಿಗೆ ಕಾಗದ ಅಂಟಿಸಿ ಹೊಂದಿಸಬಹುದು, ಆದರೆ ರಾತ್ರಿ ಟಾರ್ಚು ಹಚ್ಚಿ ಇನ್ನೊಮ್ಮೆ ಪರೀಕ್ಷಿಸಲೇಬೇಕು. ಥರ್ಮಲ್‌ಗೆ ಕಾಗದದ ಮೇಲಿನ ಶಾಯಿ ಕಾಣುವುದಿಲ್ಲ. ಹಲಗೆಗೆ ಅಲ್ಯೂಮಿನಿಯಂ ಟೇಪಿನ ತುಂಡು ಅಂಟಿಸಿದರೆ ಅದು ತಂಪು ಆಕಾಶವನ್ನು ಪ್ರತಿಫಲಿಸಿ ಕಪ್ಪು ಚೌಕವಾಗಿ ಕಾಣುತ್ತದೆ. ಸದ್ದು ಕಡಿಮೆಯ ಸಬ್‌ಸಾನಿಕ್ ತೋಟಾ ಬಳಸುವವನು ನೀನು. 50ಕ್ಕೆ ಹೊಂದಿಸಿದರೆ 100 ಮೀಟರಿನಲ್ಲಿ ಗುಂಡು ಹೆಚ್ಚುಕಡಿಮೆ ಒಂದು ಗೇಣು ಕೆಳಗೆ ಬೀಳುತ್ತದೆ. ಒಂದು ಗೇಣು ಅಂದರೆ ತಲೆಗೆ ಗುರಿಯಿಟ್ಟದ್ದು ಕಾಲಿಗೆ. ಮೂರು ಕಾಲಿನಲ್ಲಿ ಬಿಲ ಸೇರಿ ಎರಡು ದಿನ ನರಳಿ ಸಾಯುವ ಮೊಲವನ್ನು ಯಾರೂ ನೋಡುವುದಿಲ್ಲ, ಹೊಡೆದವನಿಗೆ ಮಾತ್ರ ಗೊತ್ತು. ಅದು ಪೀಡೆ ಪ್ರಾಣಿ, ಒಪ್ಪಿದೆ. ನೋವಿಗೆ ಆ ಭೇದವಿಲ್ಲ. 70 ದಾಟಿದ್ದನ್ನು ಬಿಡು, ನಾಳೆ ಹತ್ತಿರ ಬರುತ್ತದೆ. ಹಿಂದೆ ಮಣ್ಣಿನ ದಿಬ್ಬ ಇಲ್ಲದಿದ್ದರೂ ಬಿಡು; .22 ಸಣ್ಣದೆಂದು ಕಾಣುತ್ತದೆ, ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು, ಶಿಸ್ಟ್ ಕಲ್ಲಿಗೆ ಬಡಿದು ಸಿಳ್ಳೆ ಹಾಕುತ್ತಾ ತಿರುಗುವುದನ್ನು ನಾನು ಕೇಳಿದ್ದೇನೆ.

ಊರಿನ ರೂಢಿಯ ಬಗ್ಗೆಯೂ ಎರಡು ಮಾತು. ಕೊಡಗಿನ ನಮ್ಮ ಜಮ್ಮಾ ಹಿಡುವಳಿಯ ಮನೆಗಳಲ್ಲಿ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ, ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷಕ್ಕೆ ವಿಸ್ತರಿಸಿತು. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಕೈಮುಗಿದು ಬೆಳೆದವರು ನಾವು. ಕೋವಿ ಎಂದರೆ ಮನೆಯ ಹಿರಿಯನ ಹಾಗೆ, ಮೂಲೆಯಲ್ಲಿ ನಿಂತಿರುತ್ತದೆ ಎಂಬ ಭಾವನೆ ನಿನಗೂ ಇದೆ. ಇಲ್ಲಿ ಅದು ಬೀಗದ ಪೆಟ್ಟಿಗೆಯಲ್ಲೇ ಇರಬೇಕು. 2019ರ ಮಾರ್ಚಿನಲ್ಲಿ ಕ್ರೈಸ್ಟ್‌ಚರ್ಚಿನ ಮಸೀದಿಗಳಲ್ಲಿ ನಡೆದದ್ದರ ನಂತರ ಈ ದೇಶ ಕೋವಿಯನ್ನು ನೋಡುವ ಬಗೆಯೇ ಬದಲಾಗಿದೆ. 2023ರ ಜೂನಿನಿಂದ ನೋಂದಣಿ ಪುಸ್ತಕ ಶುರುವಾಗಿದೆ, ನಿನ್ನ ಕೋವಿಯನ್ನು ಅದರಲ್ಲಿ ಬರೆಸಿದೆಯಾ? ಸಾರ್ವಜನಿಕ ಸಂರಕ್ಷಿತ ಭೂಮಿಯಲ್ಲಿ ರಾತ್ರಿ ಬೇಟೆ ನಿಷಿದ್ಧ, ಅತ್ತ ಹೋಗಬೇಡ. ನಿಮ್ಮ ತೋಟದೊಳಗೂ ಹೊರಡುವ ಮುಂಚೆ ಯಜಮಾನರಿಗೆ, ಎರಡೂ ಪಕ್ಕದ ತೋಟದವರಿಗೆ, ಬಿಡಾರದ ಹುಡುಗರಿಗೆ ಮೆಸೇಜು ಹೋಗಲಿ: ಇಷ್ಟು ಗಂಟೆಯಿಂದ ಇಷ್ಟರವರೆಗೆ, ಇಂಥ ಸಾಲಿನಲ್ಲಿ. ನಮ್ಮ ಬಣ್ಣದವನೊಬ್ಬ ರಾತ್ರಿ ಕೋವಿ ಹಿಡಿದು ತಿರುಗುತ್ತಿದ್ದಾನೆ ಎಂದು ಯಾರಾದರೂ ಗಾಬರಿಯಿಂದ ಪೊಲೀಸರಿಗೆ ಫೋನು ಮಾಡುವ ಮುಂಚೆ ನಿನ್ನ ಹೆಸರು ಅವರ ಫೋನಿನಲ್ಲಿರಬೇಕು. ನಾನು ಮೂರು ತಿಂಗಳು ನಡೆದಾಡಿ ಕಣಿವೆಯ ಎಲ್ಲ ಮನೆಗೂ ಪರಿಚಯ ಹೇಳಿ ಬಂದೆ, ಆಮೇಲೆ ಕೋವಿ ಹೊರತೆಗೆದೆ.

ಹೊಡೆದ ಮೊಲಗಳನ್ನು ಎಣಿಸಿ ಎತ್ತಿಕೊಂಡು ಬಾ. ಸುತ್ತಮುತ್ತ ಯಾರಾದರೂ ವಿಷದ ಕ್ಯಾರೆಟ್ ಇಟ್ಟಿದ್ದರೆ ಮಾಂಸ ನಿನಗೂ ಬೇಡ, ನಾಯಿಗೂ ಬೇಡ, ಕೇಳಿ ತಿಳಿದುಕೋ.

ಶುಕ್ರವಾರದ ರಿಯಾಯಿತಿ ಹೋಗಲಿ. ಶನಿವಾರ ಸಂಜೆ ನಮ್ಮಲ್ಲಿಗೆ ಬಾ, ಅತ್ತೆ ಕಡುಂಬುಟ್ಟು ಮಾಡುತ್ತಾಳೆ. ಕೋವಿ ತರಬೇಡ. ನನ್ನ ಹಳೆಯ ಥರ್ಮಲ್ ದುರ್ಬೀನು ನಿನ್ನ ಕೊರಳಿಗೆ ಹಾಕುತ್ತೇನೆ, ಹಿಂದಿನ ಬೆಟ್ಟಕ್ಕೆ ಹೋಗೋಣ. ನೀನು ಕಂಡ ಒಂದೊಂದು ಬಿಳಿ ಚುಕ್ಕಿಗೂ ಇದು ಮೊಲ, ಇದು ಕಲ್ಲು, ಇದು ಹೆಜ್‌ಹಾಗ್, ಇದು ಕುರಿಮರಿ ಎಂದು ನನಗೆ ಹೇಳಬೇಕು. ಹೇಳಿದ ಮೇಲೆ ಇಬ್ಬರೂ ನಡೆದು ಹೋಗಿ ನೋಡೋಣ. ಬೂಟು ಗಟ್ಟಿಯದು ಹಾಕಿಕೊಂಡು ಬಾ, ಮೇಲೆ ಹಿಮ ಬಿದ್ದಿದೆ.